ಹೆಸರಿಗೆ ಮುನ್ನ ಕುಟುಂಬ

ಮಳೆಗಾಲದ ಬಿರುಸು ತಗ್ಗಿ, ನೆಲದ ತೇವ ಇನ್ನೂ ಆರದೆ ಇರುವ ಭಾದ್ರಪದ ಆಶ್ವಯುಜಗಳ ಕಾಲದಲ್ಲಿ ನಮ್ಮ ಯಾವುದಾದರೊಂದು ಹಳ್ಳಿಯ ಬೇಲಿಯ ಪಕ್ಕದಲ್ಲಿ ನೂರು ಹೆಜ್ಜೆ ನಡೆದವನ ಕಣ್ಣಿಗೆ ಹತ್ತಾರು ಬಗೆಯ ಗಿಡ ಬಳ್ಳಿ ಹುಲ್ಲುಗಳು ಬೀಳುತ್ತವೆ. ಅವುಗಳ ಹೆಸರುಗಳನ್ನು ಒಂದೊಂದಾಗಿ ಕೇಳಿ ತಿಳಿದು ನೆನಪಿನಲ್ಲಿ ನಿಲ್ಲಿಸಿಕೊಳ್ಳಬೇಕೆಂದು ಹೊರಟ ಜಿಜ್ಞಾಸು, ಎಷ್ಟೇ ಶ್ರದ್ಧಾವಂತನಾಗಿದ್ದರೂ, ಕೆಲವು ದಿನಗಳಲ್ಲಿಯೇ ಬಳಲಿ ಆ ಯತ್ನವನ್ನು ಕೈಬಿಡುವುದನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಅವರ ಜ್ಞಾಪಕಶಕ್ತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಪರಸ್ಪರ ಸಂಬಂಧವೇ ತಿಳಿಯದ ನೂರು ಹೆಸರುಗಳನ್ನು ಯಾರ ನೆನಪೂ ಬಹುಕಾಲ ಹೊತ್ತು ನಿಲ್ಲಲಾರದು. ಅಂಥವರಿಗೆ ನಾನು ಹೇಳುವುದು ಇಷ್ಟೆ: ಗಿಡದ ಹೆಸರನ್ನು ಕೇಳುವ ಮೊದಲು ಅದರ ಕುಟುಂಬವನ್ನು ಕೇಳಿರಿ. ಕುಟುಂಬ ಗೊತ್ತಾದ ಗಿಡದ ಅರ್ಧ ಪರಿಚಯ, ಹೆಸರು ತಿಳಿಯುವ ಮೊದಲೇ, ಆಗಿಹೋಗಿರುತ್ತದೆ.

ಜಗತ್ತಿನಲ್ಲಿ ಹೂಬಿಡುವ ಸಸ್ಯಗಳ ಪ್ರಭೇದಗಳು ಸುಮಾರು 3 ಲಕ್ಷ. ಈ ಅಪಾರ ರಾಶಿಯನ್ನು, ಇಂದು ಸಸ್ಯಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅನುಸರಿಸುವ 2016ರ ವರ್ಗೀಕರಣವು 416 ಕುಟುಂಬಗಳಲ್ಲಿ ಅಡಕಗೊಳಿಸಿದೆ. ಅವುಗಳಲ್ಲಿಯೂ ಸೂರ್ಯಕಾಂತಿ, ಆರ್ಕಿಡ್, ಅವರೆ, ಕಾಫಿ, ಹುಲ್ಲು ಎಂಬ ಐದು ಕುಟುಂಬಗಳೇ ಕಾಲುಭಾಗಕ್ಕೂ ಮಿಕ್ಕ ಪ್ರಭೇದಗಳನ್ನು ತಮ್ಮ ಒಡಲಲ್ಲಿ ಇರಿಸಿಕೊಂಡಿವೆ. ನಮ್ಮ ಬಯಲುಸೀಮೆಯ ಹೊಲದಂಚು, ಕೆರೆಯಂಗಳ, ರಸ್ತೆಬದಿಗಳಲ್ಲಿ ಕಾಣುವ ಕಾಡುಗಿಡಗಳ ಬಹುಪಾಲನ್ನು ಗುರುತಿಸುವುದಕ್ಕೆ ಇಪ್ಪತ್ತು ಇಪ್ಪತ್ತೈದು ಕುಟುಂಬಗಳ ಲಕ್ಷಣಜ್ಞಾನ ಸಾಕಾಗುತ್ತದೆ. ಇಷ್ಟನ್ನು ಕಲಿಯುವುದು ಯಾವ ವಿದ್ಯಾರ್ಥಿಗೂ ಮೀರಿದ ಕೆಲಸವಲ್ಲ. ಆದರೆ ಅದನ್ನು ಕಲಿಯತಕ್ಕ ಕ್ರಮವೊಂದಿದೆ, ಮತ್ತು ಸಸ್ಯಶಾಸ್ತ್ರದ ತರಗತಿಯೆಂಬುದಕ್ಕೆ ಸಾರ್ಥಕತೆ ಬರುವುದು ಆ ಕ್ರಮದಲ್ಲಿಯೇ.

ಮೊದಲ ಪಾಠಕ್ಕೆ ತುಂಬೆಗಿಂತ ಉತ್ತಮವಾದ ಗಿಡವನ್ನು ನಾನು ಕಾಣೆ. ಶಿವಪೂಜೆಗೆ ಶ್ರೇಷ್ಠವೆಂದು ಮನೆಮನೆಗೂ ಪರಿಚಿತವಾದ, ಮಕ್ಕಳು ಹೂವನ್ನು ಕಿತ್ತು ಬುಡದ ಮಧುವನ್ನು ಹೀರುವ ಈ ಕಿರುಗಿಡವನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಕಾಂಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಬೇಕು: ಅದು ಸರಾಗವಾಗಿ ಉರುಳದೆ, ನಾಲ್ಕು ಏಣುಗಳಲ್ಲಿ ತಡೆತಡೆದು ತಿರುಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿದ್ದು, ಒಂದು ಜೋಡಿ ಪೂರ್ವಪಶ್ಚಿಮವಾಗಿದ್ದರೆ ಅದರ ಮೇಲಿನ ಜೋಡಿ ಉತ್ತರದಕ್ಷಿಣವಾಗಿರುತ್ತದೆ. ಒಂದು ಹೂವನ್ನು ಬಿಡಿಸಿ ಮಸೂರದ ಕೆಳಗೆ ಹಿಡಿದರೆ ದಳಗಳು ಬುಡದಲ್ಲಿ ಕೊಳವೆಯಾಗಿ ಕೂಡಿ, ಮೇಲೆ ಎರಡು ತುಟಿಗಳಾಗಿ ಒಡೆದಿರುವುದು ಕಾಣುತ್ತದೆ. ಮೇಲ್ದುಟಿ ಗಿಡ್ಡದಾಗಿ, ಬೆನ್ನಿನ ಮೇಲೆ ಬಿಳಿಯ ರೋಮಗಳನ್ನು ಹೊತ್ತು, ತನ್ನ ಆಶ್ರಯದಲ್ಲಿ ನಾಲ್ಕು ಕೇಸರಗಳನ್ನು, ಎರಡು ಉದ್ದ ಎರಡು ಗಿಡ್ಡ, ಬಚ್ಚಿಟ್ಟುಕೊಂಡಿರುತ್ತದೆ. ಕೆಳದುಟಿ ಅಗಲವಾಗಿ ಹರಡಿ, ಬಂದ ಕೀಟಕ್ಕೆ ಇಳಿದಾಣವಾಗುತ್ತದೆ. ದಳಗಳನ್ನು ಸೂಜಿಯಿಂದ ಬಿಡಿಸಿ ತೆಗೆದು ಪುಷ್ಪಪಾತ್ರೆಯ ತಳವನ್ನು ನೋಡಿದರೆ, ಅಲ್ಲಿ ಅಂಡಾಶಯವು ನಾಲ್ಕು ಗುಂಡುಭಾಗಗಳಾಗಿ ಸೀಳಿ, ಅವುಗಳ ನಟ್ಟನಡುವೆ ಬುಡದಿಂದಲೇ ಶಲಾಕೆ ಎದ್ದುನಿಂತಿರುತ್ತದೆ. ಆ ನಾಲ್ಕು ಭಾಗಗಳೇ ಮುಂದೆ ಬಲಿತು ನಾಲ್ಕು ಬೀಜದಂಥ ಕಾಯಿಗಳಾಗುವುವು.

ಇಷ್ಟನ್ನು ಸ್ವಂತ ಕಣ್ಣಿನಿಂದ ನೋಡಿದವನಿಗೆ ಹಿತ್ತಲ ತುಳಸಿಯ ತೆನೆಯನ್ನು ಕೊಡಿರಿ, ಕಾಮಕಸ್ತೂರಿಯನ್ನು ಕೊಡಿರಿ, ಹೂಬಿಟ್ಟ ದೊಡ್ಡಪತ್ರೆಯನ್ನು ಕೊಡಿರಿ. ಚೌಕಕಾಂಡ, ಎದುರೆಲೆ, ತುಟಿಹೂ, ನಾಲ್ಕಾಗಿ ಸೀಳಿದ ಅಂಡಾಶಯ, ಇವೆಲ್ಲವೂ ಒಂದೊಂದರಲ್ಲಿಯೂ ಮತ್ತೆ ಕಾಣಿಸಿಕೊಳ್ಳುತ್ತವೆ. ವ್ಯತ್ಯಾಸಗಳೂ ಆಗಲೇ ಅರ್ಥವತ್ತಾಗತೊಡಗುತ್ತವೆ. ತುಂಬೆಯಲ್ಲಿ ಮೇಲ್ದುಟಿಯ ಮರೆಯಲ್ಲಿದ್ದ ಕೇಸರಗಳು ತುಳಸಿಯಲ್ಲಿ ಕೆಳದುಟಿಯ ಮೇಲೆ ಒರಗಿವೆ. ಒಂದು ಹೂವು ಕೀಟದ ಬೆನ್ನಿಗೆ ಪರಾಗವನ್ನು ಲೇಪಿಸಿದರೆ ಇನ್ನೊಂದು ಅದರ ಹೊಟ್ಟೆಗೆ ಲೇಪಿಸುತ್ತದೆ. ಒಂದು ಕುಟುಂಬದ ಚೌಕಟ್ಟಿನೊಳಗೆ ಪ್ರಕೃತಿ ಎಷ್ಟು ಬಗೆಯಲ್ಲಿ ಯೋಚಿಸಬಲ್ಲದೆಂಬುದು ಹೀಗೆ ಗೋಚರವಾಗುವಾಗ ವಿದ್ಯಾರ್ಥಿಯ ಮುಖದಲ್ಲಿ ಮೂಡುವ ಉತ್ಸಾಹವನ್ನು ಕಂಡ ಅಧ್ಯಾಪಕನಿಗೆ ಬೇರೆ ಸಂಭಾವನೆ ಬೇಕಿಲ್ಲ.

ಆದರೆ ಎರಡನೆಯ ಪಾಠ ಎಚ್ಚರಿಕೆಯ ಪಾಠವಾಗಬೇಕು. ಚೌಕಕಾಂಡವೊಂದನ್ನೇ ನಂಬಿ ಹೊರಟವನು ಬೇಲಿಯ ಲಂಟಾನವನ್ನು ಮುರಿದು ನೋಡಿ, ಅಲ್ಲಿಯೂ ಕಾಂಡ ಚೌಕ, ಎಲೆ ಎದುರುಬದುರು, ಉಜ್ಜಿದರೆ ಗಾಢವಾದ ವಾಸನೆ, ಆದುದರಿಂದ ಇದೂ ತುಂಬೆಯ ಬಳಗವೆಂದು ತೀರ್ಮಾನಿಸಿಯಾನು. ಹೂವಿನ ಬುಡದಲ್ಲಿ ನಾಲ್ಕಾಗಿ ಸೀಳಿದ ಅಂಡಾಶಯ ಅಲ್ಲಿಲ್ಲ, ಕಾಯಿ ಕಪ್ಪಾಗಿ ಹಣ್ಣಾಗುವ ರಸಭರಿತ ಗುಂಡು. ಅದು ಬೇರೊಂದು ಕುಟುಂಬದ್ದು. ಹಾಗೆಯೇ ಆಡುಸೋಗೆಯ ಹೂವಿನಲ್ಲಿಯೂ ಎರಡು ತುಟಿಗಳಿವೆ, ಎಲೆಗಳೂ ಎದುರುಬದುರು. ಆದರೆ ಅದರ ಕಾಯಿ ಒಣಗಿದಾಗ ಎರಡು ಹೋಳಾಗಿ ಸಿಡಿಯುವ ಜಾತಿಯದು. ಒಳಗೆ ಪ್ರತಿಯೊಂದು ಬೀಜದ ಕೆಳಗೂ ಒಂದು ಗಟ್ಟಿಯಾದ ಕೊಕ್ಕೆಯಿದ್ದು, ಕಾಯಿ ಬಿರಿಯುವಾಗ ಬೀಜವನ್ನು ದೂರಕ್ಕೆ ಚಿಮ್ಮಿಸುತ್ತದೆ. ಶಾಲೆಯ ಮಕ್ಕಳು ಎಂಜಲು ಹಚ್ಚಿ ಸಿಡಿಸಿ ಆಡುವ, ನೇರಳೆ ಬಣ್ಣದ ಹೂವಿನ ಆ ರಸ್ತೆಬದಿಯ ಗಿಡವೂ, ಹೆಂಗಸರು ಮುಡಿಯುವ ಕನಕಾಂಬರವೂ, ಪಶ್ಚಿಮಘಟ್ಟದ ಗಿರಿಗಳಲ್ಲಿ ಹಲವು ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಅರಳುವ ಕುರಿಂಜಿಯೂ ಈ ಆಡುಸೋಗೆಯ ಬಂಧುಗಳೇ. ಒಂದು ಲಕ್ಷಣ ಸಾಲದು, ನಾಲ್ಕಾರು ಲಕ್ಷಣಗಳ ಸಮವಾಯವೇ ಕುಟುಂಬವನ್ನು ನಿರ್ಣಯಿಸತಕ್ಕದ್ದು ಎಂಬ ವಿವೇಕ ಈ ಹೋಲಿಕೆಯಿಂದ ಬೇರೂರುತ್ತದೆ.

ಈ ವಿವೇಕ ಸಸ್ಯಶಾಸ್ತ್ರಕ್ಕೇ ತಡವಾಗಿ ಬಂದುದು. 1753ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ ಲಿನೇಯಸ್ ಪಂಡಿತನು, ಇಂದಿಗೂ ನಾವು ಬಳಸುವ ದ್ವಿಪದ ನಾಮಕರಣವನ್ನು ಸ್ಥಿರಪಡಿಸಿದ ಮಹಾಪುರುಷನೇ ಆದರೂ, ಸಸ್ಯಗಳನ್ನು ಮುಖ್ಯವಾಗಿ ಕೇಸರಗಳ ಮತ್ತು ಶಲಾಕೆಗಳ ಎಣಿಕೆಯಿಂದ ವಿಭಾಗಿಸಿದನು. ಐದು ಕೇಸರ, ಎರಡು ಶಲಾಕೆ ಎಂಬ ಒಂದೇ ಕಾರಣಕ್ಕಾಗಿ ನಮ್ಮ ಅಡುಗೆಮನೆಯ ಕೊತ್ತಂಬರಿಯೂ ಬೀದಿಯ ಎಕ್ಕವೂ ಅವನ ಪದ್ಧತಿಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತವು. ಫ್ರಾನ್ಸಿನ ಆಂಟ್ವಾನ್ ಲೋರಾಂ ದ ಜೂಸ್ಸ್ಯು 1789ರಲ್ಲಿ ಹಲವು ಲಕ್ಷಣಗಳನ್ನು ಒಟ್ಟಿಗೆ ತೂಗಿ ನೋಡಿ ನಿಸರ್ಗಸಹಜವಾದ ಕುಟುಂಬಗಳನ್ನು ನಿರೂಪಿಸಿದನು. ಆ ಮಾರ್ಗವನ್ನು ವಿಸ್ತರಿಸಿ ಬೆಂಥಮ್ ಮತ್ತು ಹೂಕರ್ ಎಂಬ ಇಂಗ್ಲೆಂಡಿನ ವಿದ್ವಾಂಸದ್ವಯರು 1862ರಿಂದ 1883ರ ವರೆಗೆ ರಚಿಸಿದ ಗ್ರಂಥವೇ ನಮ್ಮ ದೇಶದ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಆಧಾರವಾಗಿ ನಿಂತಿತು.

ಎಕ್ಕದ ಮಾತು ಬಂದುದರಿಂದ ಅದನ್ನು ತುಸು ನಿಧಾನವಾಗಿ ನೋಡೋಣ. ಏಕೆಂದರೆ ನಮ್ಮ ಬೀದಿಗಳಲ್ಲಿ ಇದಕ್ಕಿಂತ ಅದ್ಭುತವಾದ ಪುಷ್ಪಯಂತ್ರ ಇನ್ನೊಂದಿದೆಯೋ ಇಲ್ಲವೋ ನನಗೆ ಸಂದೇಹ. ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆಗಳನ್ನು ಒದಗಿಸುವ ಈ ಗಿಡದ ಹೂವಿನಲ್ಲಿ ಐದು ದಳಗಳ ನಡುವೆ, ಬುಡದಲ್ಲಿ ಕೊಂಬಿನಂತೆ ಸುರುಳಿಗೊಂಡ ಐದು ಅಂಗಗಳು ಕಿರೀಟವಾಗಿ ಎದ್ದಿರುತ್ತವೆ. ಅವುಗಳ ಮಧ್ಯದಲ್ಲಿ ಐದು ಮೂಲೆಗಳುಳ್ಳ ಚಪ್ಪಟೆಯಾದ ಪೀಠವೊಂದಿದೆ. ಕೇಸರಗಳೂ ಶಲಾಕಾಗ್ರವೂ ಕೂಡಿ ಒಂದಾಗಿ ಆದ ಪೀಠ ಅದು. ಅದರ ಪ್ರತಿಯೊಂದು ಮೂಲೆಯಲ್ಲಿಯೂ, ಮಸೂರದ ಕೆಳಗೆ, ಕಡುಕಂದು ಬಣ್ಣದ ಒಂದು ಸೂಕ್ಷ್ಮಬಿಂದು ಹೊಳೆಯುತ್ತದೆ. ಬಿಂದುವಿನ ಕೆಳಗೆ ಒಂದು ಕಿರಿದಾದ ಸೀಳು. ಸೂಜಿಯ ಮೊನೆಯನ್ನು ಬಿಂದುವಿಗೆ ಸಿಕ್ಕಿಸಿ ಮೆಲ್ಲನೆ ಮೇಲೆತ್ತಿದರೆ, ಹೆಗಲ ಮೇಲೆ ಇಬ್ಬದಿಗೂ ಇಳಿಬಿಟ್ಟ ಜೋಡಿಚೀಲಗಳಂತೆ, ಮೇಣದ ಹಳದಿಯ ಎರಡು ಪರಾಗಪಿಂಡಗಳು ಸಣ್ಣ ತೊಟ್ಟುಗಳಿಂದ ತೂಗಾಡುತ್ತ ಹೊರಬರುತ್ತವೆ. ಒಂದು ಪಿಂಡ ಎಡಗಡೆಯ ಕೇಸರದ್ದು, ಇನ್ನೊಂದು ಬಲಗಡೆಯದು. ಮಧುವನ್ನರಸಿ ಬಂದ ದೊಡ್ಡ ಕರಿಯ ದುಂಬಿಯ ಕಾಲು ಈ ಸೀಳಿನಲ್ಲಿ ಜಾರಿ ಸಿಕ್ಕಿ, ಬಿಡಿಸಿಕೊಳ್ಳುವಾಗ ಈ ಜೋಡಿಯನ್ನು ಕಿತ್ತುಕೊಂಡು ಹೊರಟು, ಮುಂದಿನ ಹೂವಿನ ಸೀಳಿನಲ್ಲಿ ಅದನ್ನು ಸಿಕ್ಕಿಸಿ ಬಿಡುತ್ತದೆ. ಹುಡಿಯಾಗಿ ಹಾರಬೇಕಾದ ಪರಾಗವು ಇಲ್ಲಿ ಕಟ್ಟಾಗಿಯೇ ಸಾಗಿಸಲ್ಪಡುತ್ತದೆ.

ಈ ವಿಶೇಷವನ್ನು ಕಂಡೇ ರಾಬರ್ಟ್ ಬ್ರೌನ್ 1810ರಲ್ಲಿ ಎಕ್ಕದ ಬಳಗವನ್ನು ಕಣಗಿಲೆಯ ಕುಟುಂಬದಿಂದ ಬೇರ್ಪಡಿಸಿದನು. ಹಾಲು ಸುರಿಸುವ ಕಾಂಡ, ಎದುರೆಲೆ, ಜೋಡಿಯಾಗಿ ಮೂಡುವ ಕಾಯಿಗಳು, ಇವುಗಳಲ್ಲಿ ಎರಡಕ್ಕೂ ಹೋಲಿಕೆಯಿದ್ದಿತು. ಪರಾಗಪಿಂಡವೊಂದು ಮಾತ್ರ ದೊಡ್ಡ ಭೇದವಾಗಿ ಕಂಡಿತ್ತು. ಸುಮಾರು ಎರಡು ಶತಮಾನಗಳು ಕಳೆದ ಮೇಲೆ ಜೀವಕೋಶದ ಡಿಎನ್‌ಎ ಪರೀಕ್ಷೆಯಿಂದ, ಎಕ್ಕದ ಬಳಗವು ಕಣಗಿಲೆ ನಂದಿಬಟ್ಟಲುಗಳ ವಂಶವೃಕ್ಷದೊಳಗಿನ ಒಂದು ಕೊಂಬೆಯೇ ಎಂದು ಸ್ಥಿರಪಟ್ಟು, 1998ರ ವರ್ಗೀಕರಣದಲ್ಲಿ ಎರಡೂ ಮತ್ತೆ ಒಂದಾದವು. ತೇಗವೂ ಲಕ್ಕಿಗಿಡವೂ ಹೀಗೆಯೇ ಲಂಟಾನದ ಕುಟುಂಬವನ್ನು ಬಿಟ್ಟು ತುಂಬೆ ತುಳಸಿಗಳ ಕುಟುಂಬಕ್ಕೆ ಸೇರಿದವು, ಬೂರುಗದ ಮರ ದಾಸವಾಳ ಬೆಂಡೆಗಳ ಮನೆಯನ್ನು ಹೊಕ್ಕಿತು. ಪಠ್ಯಪುಸ್ತಕ ಒಂದು ಹೇಳುತ್ತದೆ, ಹೊಸ ಗ್ರಂಥ ಇನ್ನೊಂದು ಹೇಳುತ್ತದೆ, ಯಾವುದನ್ನು ನಂಬುವುದು ಎಂದು ವಿದ್ಯಾರ್ಥಿಗಳು ಬೇಸರಪಡುವುದುಂಟು. ಅವರಿಗೆ ನಾನು ತೇಗದ ಎಳೆಯ ಟೊಂಗೆಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಲು ಹೇಳುತ್ತೇನೆ. ಅಷ್ಟು ದೊಡ್ಡ ಮರದ ಚಿಗುರುಟೊಂಗೆಯಲ್ಲಿಯೂ ಆ ನಾಲ್ಕು ಏಣುಗಳು ಸ್ಪಷ್ಟವಾಗಿರುವುದನ್ನು ಮುಟ್ಟಿ ತಿಳಿದವನಿಗೆ ಈ ಬದಲಾವಣೆಯಲ್ಲಿ ಅನ್ಯಾಯವೇನೂ ತೋರದು.

ಮಲೆನಾಡಿನ ಕಾಡಿಗೆ ಹೊಕ್ಕಾಗ ಪಾಠದ ಸ್ವರೂಪ ಬದಲಾಗುತ್ತದೆ. ಅಲ್ಲಿ ಹೂವು ವರ್ಷದಲ್ಲಿ ಕೆಲವೇ ವಾರಗಳು ಇರುವುದು, ಅದೂ ಎಷ್ಟೋ ವೇಳೆ ಕೈಗೆ ನಿಲುಕದ ಎತ್ತರದಲ್ಲಿ. ಎಲೆ, ತೊಗಟೆ, ವಾಸನೆಗಳನ್ನೇ ಆಶ್ರಯಿಸಬೇಕು. ಕಾಫಿಯ ತೋಟದಲ್ಲಿ ಬೆಳೆದವರು ಒಂದು ರೆಂಬೆಯನ್ನು ಹಿಡಿದು, ಎದುರುಬದುರಾದ ಎರಡು ಎಲೆಗಳ ತೊಟ್ಟುಗಳ ನಡುವೆ, ಗೆಣ್ಣಿನ ಎರಡು ಬದಿಗಳಲ್ಲಿಯೂ, ತ್ರಿಕೋನಾಕಾರದ ಒಂದು ಪುಟ್ಟ ಪೊರೆ ಅಂಟಿಕೊಂಡಿರುವುದನ್ನು ಗಮನಿಸಲಿ. ತೊಟ್ಟಿನ ಪಕ್ಕದಲ್ಲಿರಬೇಕಾದ ಪೊರೆಗಳು ಎರಡು ತೊಟ್ಟುಗಳ ನಡುವೆ ಬಂದು ಕೂಡಿಕೊಂಡಿರುವ ಈ ರೀತಿ ಕಾಫಿಯ ಕುಟುಂಬದ ಮುದ್ರೆ. ಕೇಪಳದಲ್ಲಿ, ಪಾವಟೆಯಲ್ಲಿ, ಕಾರೆಯ ಮುಳ್ಳುಗಿಡದಲ್ಲಿ, ಒಂದು ಪುಷ್ಪಪತ್ರ ಮಾತ್ರ ಎಲೆಯಷ್ಟು ದೊಡ್ಡದಾಗಿ ಬೆಳ್ಳಗೆ ಮಿನುಗುವ ಬೆಳ್ಳಟ್ಟಿಯಲ್ಲಿ, ಎಲ್ಲೆಲ್ಲಿಯೂ ಈ ಮುದ್ರೆಯನ್ನು ಕಾಣಬಹುದು. ಘಟ್ಟದ ಕಾಡಿನ ಪೊದೆಗಳಲ್ಲಿ ಈ ಕುಟುಂಬದವು ಬಹಳವಾದುದರಿಂದ, ಇದೊಂದನ್ನು ಅರಿತವನು ಹೂವಿಲ್ಲದ ತಿಂಗಳಲ್ಲಿಯೂ ದಿಕ್ಕುಗೆಡುವುದಿಲ್ಲ. ನೆಕ್ಕರಿಕದ ಎಲೆಯಲ್ಲಿ ಬುಡದಿಂದ ತುದಿಯವರೆಗೆ ಬಾಗಿ ಸಾಗುವ ಉದ್ದನರಗಳೂ ಅವನ್ನು ಅಡ್ಡಲಾಗಿ ಜೋಡಿಸುವ ಕಿರುನರಗಳೂ ಒಮ್ಮೆ ನೋಡಿದರೆ ಮರೆಯತಕ್ಕವಲ್ಲ. ನಿಂಬೆ, ಬಿಲ್ವ, ಕರಿಬೇವುಗಳ ಎಲೆಯನ್ನು ಬೆಳಕಿಗೆ ಎತ್ತಿ ಹಿಡಿದರೆ ಮೈತುಂಬ ತೈಲಗ್ರಂಥಿಗಳ ಚುಕ್ಕಿಗಳು. ಕಾಡಿನಲ್ಲಿ ಅಂಥ ಚುಕ್ಕಿಯ, ಉಜ್ಜಿದರೆ ನಿಂಬೆಯ ವಾಸನೆಯ ಎಲೆ ಸಿಕ್ಕಿದರೆ ಯಾವ ಬಳಗವನ್ನು ಮೊದಲು ಹುಡುಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಕುಟುಂಬಜ್ಞಾನಕ್ಕೆ ಒಂದು ಮಿತಿಯುಂಟು. ಅದನ್ನು ಮರೆತರೆ ಪ್ರಾಣಕ್ಕೇ ಸಂಚಕಾರ. ಬದನೆಯೂ ಗಣಿಕೆಸೊಪ್ಪೂ ಯಾವ ಕುಟುಂಬಕ್ಕೆ ಸೇರಿವೆಯೋ ಅದೇ ಕುಟುಂಬಕ್ಕೆ ಉಮ್ಮತ್ತಿಯೂ ಸೇರಿದೆ. ಒಂದನ್ನು ತಿನ್ನಬಹುದಾದುದರಿಂದ ಅದರ ಬಂಧುವನ್ನೂ ತಿನ್ನಬಹುದೆಂದು ಯಾರೂ ಊಹಿಸತಕ್ಕದ್ದಲ್ಲ. ಇದನ್ನು ಮೊದಲ ದಿನವೇ, ಗಟ್ಟಿಯಾದ ದನಿಯಲ್ಲಿ, ತರಗತಿಗೆ ಹೇಳಬೇಕು. ಮೇಲ್ನೋಟದ ಹೋಲಿಕೆಯೂ ಹೀಗೆಯೇ ದಾರಿ ತಪ್ಪಿಸಬಹುದು. ಬೇಲಿಯ ಕಳ್ಳಿಯೂ ಪಾಪಾಸುಕಳ್ಳಿಯೂ ಎರಡೂ ಮುಳ್ಳಿನವು, ಎರಡೂ ದಪ್ಪಕಾಂಡದವು. ಆದರೆ ಕಳ್ಳಿಯನ್ನು ಗೀರಿದರೆ ಹಾಲು ಧಾರೆಗಟ್ಟುತ್ತದೆ, ಪಾಪಾಸುಕಳ್ಳಿಯಲ್ಲಿ ನೀರಿನಂಥ ಲೋಳೆಯಷ್ಟೆ. ಮೊದಲನೆಯದು ಔಡಲದ ಕುಟುಂಬದ್ದು; ಎರಡನೆಯದು ಅಮೆರಿಕಾ ಖಂಡದಿಂದ ಬಂದ, ಹೂವಿನ ರಚನೆಯಲ್ಲಿ ಏನೇನೂ ಸಂಬಂಧವಿಲ್ಲದ ಬೇರೊಂದು ಕುಟುಂಬದ್ದು. ನೀರಿಲ್ಲದ ನೆಲದಲ್ಲಿ ಬದುಕಬೇಕಾದ ಅನಿವಾರ್ಯತೆ ಎರಡು ದೂರದ ವಂಶಗಳಿಗೆ ಒಂದೇ ವೇಷವನ್ನು ತೊಡಿಸಿತು.

ಇಷ್ಟನ್ನು ಬರೆಯುವಾಗ, ತರಗತಿಯ ಹೊರಗೆಯೇ ಉಳಿದ ಒಂದು ವಿದ್ವತ್ತನ್ನು ನೆನೆಯದೆ ಇರಲಾರೆ. ನಮ್ಮ ಹಳೆಯ ಮೈಸೂರು ಸೀಮೆಯ ಹೆಂಗಸರು ಮಳೆಗಾಲದಲ್ಲಿ ಹೊಲಗಳನ್ನು ಸುತ್ತಿ ಮಡಿಲುತುಂಬ ತರುವ ಬೆರಕೆಸೊಪ್ಪಿನಲ್ಲಿ ಹೊನಗೊನೆ, ಅಣ್ಣೆ, ಕೀರೆ ಮೊದಲಾದವುಗಳಿರುತ್ತವೆ; ಇವು ಮೂರೂ ಒಂದೇ ಕುಟುಂಬದವು, ದಂಟೂ ಉತ್ತರಾಣಿಯೂ ಅದರಲ್ಲಿಯೇ ಸೇರಿದವು. ಹೂವು ಬಿಟ್ಟಾಗ ಮುಟ್ಟಿದರೆ ಕಾಗದದಂತೆ ಸರಸರನೆನ್ನುವ ಒಣಪೊರೆಗಳು ಆ ಕುಟುಂಬದ ಗುರುತು. ಆದರೆ ಆ ತಾಯಂದಿರಿಗೆ ಹೂವು ಬೇಕಾಗಿಲ್ಲ; ಎರಡು ಅಂಗುಲ ಎತ್ತರದ, ಹೂವಿನ ಸುಳಿವೇ ಇಲ್ಲದ ಎಳೆಯ ಚಿಗುರನ್ನು ಅವರು ಕಳೆಯ ನಡುವಿನಿಂದ ತಪ್ಪದೆ ಆರಿಸುತ್ತಾರೆ. ಪದವೀಧರರಲ್ಲಿ ಈ ಕೌಶಲ ಎಷ್ಟು ಮಂದಿಗಿದೆ? ಊರಿನ ಸೊಪ್ಪು ಬಲ್ಲ ಅಜ್ಜಿಯೊಬ್ಬರನ್ನು ವರ್ಷಕ್ಕೊಮ್ಮೆಯಾದರೂ ತರಗತಿಯ ಮುಂದೆ, ಗೌರವದ ಆಸನದಲ್ಲಿ ಕೂರಿಸಿ, ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳುವಂತಾಗಬೇಕೆಂಬುದು ನನ್ನ ಬಹುದಿನದ ಆಸೆ.

ಏಕೆಂದರೆ ಇಂದು ಅನೇಕ ತರಗತಿಗಳಲ್ಲಿ ನಡೆಯುತ್ತಿರುವುದನ್ನು ನೋಡಿ ನನ್ನ ಮನಸ್ಸು ನೊಂದಿದೆ. ಕರಿಹಲಗೆಯ ಮೇಲೆ ಪುಷ್ಪಸೂತ್ರವನ್ನು ಬರೆಯುತ್ತಾರೆ, ವಿದ್ಯಾರ್ಥಿಗಳು ಅದನ್ನು ನಕಲು ಮಾಡಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಮರಳಿ ಒಪ್ಪಿಸುತ್ತಾರೆ. ಕಾಲೇಜಿನ ಕಾಂಪೌಂಡಿನೊಳಗೇ ಬೆಳೆದ ತುತ್ತಿಯ ಹಳದಿ ಹೂವನ್ನು ಒಮ್ಮೆಯೂ ಸೀಳಿ ನೋಡದೆ, ದಾಸವಾಳದ ಕುಟುಂಬದಲ್ಲಿ ಕೇಸರಗಳೆಲ್ಲ ಕೂಡಿ ಕೊಳವೆಯಾಗುವುದೆಂದು ಕಂಠಪಾಠ ಮಾಡಿದವರನ್ನು ನಾನು ಬಲ್ಲೆ. ಸೂತ್ರವು ಕಂಡದ್ದನ್ನು ಸಂಗ್ರಹಿಸಿ ಹೇಳುವ ಸಾಧನ. ಕಾಣದವನಿಗೆ ಅದರಿಂದ ಏನು ಪ್ರಯೋಜನ? ಹೊರಸಂಚಾರಕ್ಕೆ ಹಣವಿಲ್ಲ, ಸಮಯವಿಲ್ಲ ಎನ್ನುವ ಸಮಾಧಾನ ಸರಿಯಲ್ಲ. ಮೊದಲ ಹತ್ತು ಕುಟುಂಬಗಳು ಕಾಲೇಜಿನ ಹಿಂದಿನ ಬಯಲಿನಲ್ಲಿಯೇ ಸಿಕ್ಕುತ್ತವೆ. ಬೇಕಾದುದು ಒಂದು ಹತ್ತುಪಟ್ಟಿನ ಮಸೂರ, ಒಂದು ಬ್ಲೇಡು, ಎರಡು ಸೂಜಿ, ಒಂದು ನೋಟ್‌ಬುಕ್ಕು.

ಮಾರ್ಗದರ್ಶಕ ಗ್ರಂಥಗಳಿಗೂ ನಮಗೆ ಬಡತನವಿಲ್ಲ. 1872ರಿಂದ 1897ರ ವರೆಗೆ ಏಳು ಸಂಪುಟಗಳಲ್ಲಿ ಬಂದ ಹೂಕರನ ಭಾರತದ ಸಸ್ಯಸಂಪತ್ತು, ಅನಂತರ ಮುಂಬಯಿ ಪ್ರಾಂತಕ್ಕೆ ಕುಕ್ ಬರೆದದ್ದು, ಮದರಾಸು ಪ್ರಾಂತಕ್ಕೆ ಗ್ಯಾಂಬಲ್ ಆರಂಭಿಸಿದ್ದು, ಇವುಗಳ ಮೇಲೆ, 1976ರಲ್ಲಿ ಸೆಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ ಅವರ ಸಂಪಾದಕತ್ವದಲ್ಲಿ ಹೊರಬಂದ ಹಾಸನ ಜಿಲ್ಲೆಯ ಸಸ್ಯಗ್ರಂಥವೂ ಇದೆ. ಒಂದು ಜಿಲ್ಲೆಯೊಳಗೇ ಮಲೆನಾಡನ್ನೂ ಬಯಲನ್ನೂ ಅಡಗಿಸಿಕೊಂಡ ಹಾಸನದ ಗ್ರಂಥ ಕರ್ನಾಟಕದ ಬಹುಭಾಗದ ವಿದ್ಯಾರ್ಥಿಗೆ ಒದಗಿ ಬರುತ್ತದೆ. ಆದರೆ ಇವೆಲ್ಲವೂ ಇಂಗ್ಲಿಷಿನವು. ಕಾಡಿನಲ್ಲಿ ವಿದ್ಯಾರ್ಥಿಗಳೊಡನೆ ನಡೆದಾಡುತ್ತ ಸಸ್ಯಗಳನ್ನು ಕಲಿಸುವ ಅನುಭವವನ್ನು ಕನ್ನಡದಲ್ಲಿ ಸಾಹಿತ್ಯದ ಎತ್ತರಕ್ಕೆ ಒಯ್ದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು, ಅವರ ‘ಹಸುರು ಹೊನ್ನು’ ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಸಸ್ಯಶಾಸ್ತ್ರದ ಪಾಠವನ್ನು ಕನ್ನಡದ ಓದುಗ ಕಥೆಯಷ್ಟೇ ಆಸಕ್ತಿಯಿಂದ ಓದಬಲ್ಲನೆಂಬುದು ಆ ಗ್ರಂಥದಿಂದ ಸಿದ್ಧವಾದರೂ, ನಮ್ಮ ಒಂದೊಂದು ಜಿಲ್ಲೆಯ ಕಾಡುಗಿಡಗಳನ್ನು ಕುಟುಂಬಾನುಸಾರವಾಗಿ, ಚಿತ್ರಸಹಿತವಾಗಿ, ಪ್ರೌಢಶಾಲೆಯ ವಿದ್ಯಾರ್ಥಿಗೆ ತಿಳಿಯುವಂತೆ ನಿರೂಪಿಸುವ ಕನ್ನಡದ ಕೈಪಿಡಿಗಳು ಇನ್ನೂ ಎಷ್ಟೋ ಬರಬೇಕಾಗಿವೆ. ಅಧ್ಯಾಪಕರು ತಮ್ಮ ಊರಿನ ಮಟ್ಟಿಗೆ ಇಂಥ ಕೆಲಸವನ್ನು ಕೈಗೊಂಡರೆ ಅದು ನಾಡಿಗೆ ಸಲ್ಲಿಸಿದ ದೊಡ್ಡ ಸೇವೆ.

ಕೊನೆಯದಾಗಿ ಹುಲ್ಲಿನ ವಿಚಾರ. ಹೊಸಬರು ಇದನ್ನು ಮೊದಲ ವರ್ಷ ಮುಟ್ಟದಿರುವುದೇ ಲೇಸು. ದಳಗಳಿಲ್ಲದ, ಹೊಟ್ಟಿನಂಥ ಪೊರೆಗಳ ನಡುವೆ ಹುದುಗಿದ ಆ ಸೂಕ್ಷ್ಮಪುಷ್ಪಗಳು ಕಣ್ಣು ಪಳಗುವವರೆಗೆ ಒಲಿಯವು. ಆದರೂ ಹುಲ್ಲನ್ನೂ ಅದನ್ನು ಹೋಲುವ ಜೇಕಿನ ಬಳಗವನ್ನೂ ಬೇರ್ಪಡಿಸುವುದನ್ನು ಯಾರಾದರೂ ಇಂದೇ ಕಲಿಯಬಹುದು. ರೈತನು ಒಂದೇ ಕಳೆಗುದ್ದಲಿಯಿಂದ ಕೀಳುವ ಗರಿಕೆಯನ್ನೂ ಕೊನ್ನಾರಿಯನ್ನೂ ತಂದು, ಹೂದೆನೆಯನ್ನು ಹೊತ್ತ ಕಡ್ಡಿಯನ್ನು ಬೆರಳುಗಳಲ್ಲಿ ಹೊರಳಿಸಿದರೆ ಗರಿಕೆಯದು ದುಂಡಗೆ ಉರುಳುತ್ತದೆ, ಕೊನ್ನಾರಿಯದು ಮೂರು ಏಣುಗಳಲ್ಲಿ ತಡೆಯುತ್ತದೆ. ಗರಿಕೆಯ ಎಲೆಗಳು ಎರಡು ಸಾಲಿನಲ್ಲಿ, ಕೊನ್ನಾರಿಯವು ಮೂರು ಸಾಲಿನಲ್ಲಿ. ಹುಲ್ಲಿನ ಹೂವನ್ನೇ ನೋಡಬೇಕೆಂಬ ಹಟವುಳ್ಳವರಿಗೆ ನಮ್ಮ ರಾಗಿಯ ಹೊಲವೇ ಪ್ರಯೋಗಶಾಲೆ: ತೆನೆ ಹೊರಟು ಹಾಲುಗಟ್ಟುವುದಕ್ಕೆ ಮುನ್ನ, ಬೆಳಗಿನ ಹೊತ್ತಿನಲ್ಲಿ, ಯಜಮಾನನ ಅಪ್ಪಣೆ ಪಡೆದು ಒಂದು ತೆನೆಯನ್ನು ತಂದು, ಕಪ್ಪು ಕಾಗದದ ಮೇಲಿರಿಸಿ, ಒಂದು ಕಿರುದೆನೆಯನ್ನು ಮಸೂರದ ಕೆಳಗೆ ಸೂಜಿಯಿಂದ ಬಿಡಿಸಬೇಕು, ಮೂರು ಕೇಸರಗಳೂ ಗರಿಯಂಥ ಎರಡು ಶಲಾಕಾಗ್ರಗಳೂ ಅಲ್ಲಿ ಸಿಕ್ಕುತ್ತವೆ.